ಪದ ಪರಿಚಯ: ಹಾಕಿಯಲ್ಲಿ ‘ಅನುಭವಿ ನಾಯಕತ್ವ’

ಹಾಕಿ ವರದಿಗಳಲ್ಲಿ ‘ಅನುಭವಿ ನಾಯಕತ್ವ’ ಎಂಬ ಮಾತು ಬಂದಾಗ ಹೆಚ್ಚಿನವರ ಮನಸ್ಸಿಗೆ ಬರುವುದು ತೋಳಿಗೆ ಪಟ್ಟಿ ಕಟ್ಟಿದ ನಾಯಕ. ಆದರೆ ಈ ಗುಣಕ್ಕೂ ಆ ಪಟ್ಟಿಗೂ ಅಂಥ ನಂಟೇನಿಲ್ಲ. ದೊಡ್ಡ ಟೂರ್ನಿಗಳಲ್ಲಿ ಗೆದ್ದು, ಅದಕ್ಕಿಂತ ಮುಖ್ಯವಾಗಿ ಸೋತು ಬಂದ ಆಟಗಾರನೊಬ್ಬ, ಪಂದ್ಯ ಕೈತಪ್ಪುವ ಹೊತ್ತಿನಲ್ಲಿ ಕಿರಿಯರ ಆಟವನ್ನು ಮತ್ತೆ ಹಳಿಗೆ ತರುವುದಕ್ಕೆ ಈ ಹೆಸರು ಸಲ್ಲುತ್ತದೆ. ನಾಯಕ ಒಬ್ಬನೇ ಇರುತ್ತಾನೆ, ಇಂಥವರು ತಂಡದಲ್ಲಿ ಇಬ್ಬರು ಮೂವರು ಇರಬಹುದು. ಇರಬೇಕು ಎಂದೇ ನಾನು ಹೇಳುತ್ತೇನೆ.

ಈ ಆಟಕ್ಕೆ ಅವರ ಅಗತ್ಯ ವಿಶೇಷವಾಗಿದೆ. ಹದಿನೈದು ನಿಮಿಷಗಳ ನಾಲ್ಕು ಕ್ವಾರ್ಟರ್‌ಗಳಲ್ಲಿ ಆಟಗಾರರು ಎಷ್ಟು ಬಾರಿ ಬೇಕಾದರೂ ಒಳಗೆ ಹೊರಗೆ ಓಡಾಡುತ್ತಾರೆ. ಚೆಂಡು ಒಂದು ತುದಿಯಿಂದ ಇನ್ನೊಂದು ತುದಿಗೆ ಕ್ಷಣಾರ್ಧದಲ್ಲಿ ಹೋಗುತ್ತದೆ. ಕೋಚ್ ಬೆಂಚಿನಿಂದ ಕೂಗಿದ್ದು ಆ ಗದ್ದಲದಲ್ಲಿ ಅರ್ಧಕ್ಕರ್ಧ ಕೇಳಿಸುವುದಿಲ್ಲ. ವಿಡಿಯೊ ರೆಫರಲ್, ಅಂದರೆ ಅಂಪೈರ್ ತೀರ್ಪನ್ನು ವಿಡಿಯೊ ನೋಡಿ ಮರುಪರಿಶೀಲಿಸಿ ಎಂಬ ಮನವಿ, ಈಗ ಕೇಳಬೇಕೇ, ಉಳಿಸಿಕೊಳ್ಳಬೇಕೇ? ರಕ್ಷಣಾ ತಂಡದ ತಪ್ಪಿಗೆ ಎದುರಾಳಿಗೆ ಸಿಗುವ ಪೆನಾಲ್ಟಿ ಕಾರ್ನರ್‌ನಲ್ಲಿ ಡ್ರ್ಯಾಗ್ ಫ್ಲಿಕ್ ಮಾಡುವವನ (ಚೆಂಡನ್ನು ಕೋಲಿನಿಂದ ಎಳೆದು ಗೋಲಿನತ್ತ ಚಿಮ್ಮಿಸುವವನ) ಎದುರಿಗೆ ಮೊದಲು ನುಗ್ಗುವವನು ಯಾವ ಕೋನದಲ್ಲಿ ಓಡಬೇಕು? ಇವನ್ನೆಲ್ಲ ಅಂಗಣದಲ್ಲೇ ತೀರ್ಮಾನಿಸಬೇಕು. ಇಡೀ ಮೈದಾನ ಕಣ್ಣೆದುರಿಗೆ ಇರುವುದು ಗೋಲ್‌ಕೀಪರ್‌ಗೆ. ಆದ್ದರಿಂದ ಅನುಭವಿ ಗೋಲ್‌ಕೀಪರ್‌ನ ಕೈಕಾಲಿನಷ್ಟೇ ಅವನ ಗಂಟಲಿಗೂ ಬೆಲೆಯಿದೆ.

ಪ್ಯಾರಿಸ್ ಒಲಿಂಪಿಕ್ಸ್‌ನ ಕ್ವಾರ್ಟರ್‌ಫೈನಲ್ ಪಂದ್ಯವನ್ನೇ ನೋಡಿ. 2024ರ ಆಗಸ್ಟ್ 4ರಂದು ಬ್ರಿಟನ್ ವಿರುದ್ಧ 17ನೇ ನಿಮಿಷದಲ್ಲಿ ಭಾರತದ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಬಿತ್ತು. ಹಿಂದಿನ ಸಾಲಿನ ಆಧಾರವೇ ಹೋಯಿತು. ಉಳಿದ 40ಕ್ಕೂ ಹೆಚ್ಚು ನಿಮಿಷಗಳನ್ನು ಹತ್ತೇ ಮಂದಿ ಆಡಬೇಕಾಯಿತು. ಮಧ್ಯಮ ಸಾಲಿನ ಮನ್‌ಪ್ರೀತ್ ಸಿಂಗ್ ಹಿಂದೆ ಸರಿದು ರಕ್ಷಣೆಗೆ ನಿಂತರು. ನಾಯಕ ಹರ್ಮನ್‌ಪ್ರೀತ್ ಸಿಂಗ್ ಪೆನಾಲ್ಟಿ ಕಾರ್ನರ್‌ನಲ್ಲಿ ಗೋಲು ಹೊಡೆದರು. ಬ್ರಿಟನ್ ಸಮ ಮಾಡಿದ ಮೇಲೆ ಗೋಲ್‌ಕೀಪರ್ ಪಿ.ಆರ್. ಶ್ರೀಜೇಶ್ ಬಾಗಿಲು ಮುಚ್ಚಿದರು. ಪಂದ್ಯ 1-1ರಲ್ಲಿ ಮುಗಿದು, ಗೋಲ್‌ಕೀಪರ್ ಒಬ್ಬನನ್ನೇ ಎದುರಿಸಿ ಗೋಲು ಹೊಡೆಯುವ ಶೂಟೌಟ್‌ನಲ್ಲಿ ಭಾರತ 4-2ರಿಂದ ಗೆದ್ದಿತು. ಭಾರತದ ಪರ ಗೋಲು ಹೊಡೆದ ನಾಲ್ವರಲ್ಲಿ ಸುಖ್‌ಜೀತ್ ಸಿಂಗ್ ಮತ್ತು ರಾಜ್ ಕುಮಾರ್ ಪಾಲ್ ಇಬ್ಬರಿಗೂ ಅದು ಮೊದಲ ಒಲಿಂಪಿಕ್ಸ್. ಗೆಲುವಿನ ಗೋಲು ಬಂದದ್ದು ರಾಜ್ ಕುಮಾರ್ ಅವರ ಕೋಲಿನಿಂದ. ತಾನು ತಪ್ಪಿದರೂ ಹಿಂದೆ ಗೋಲಿನಲ್ಲಿ ಶ್ರೀಜೇಶ್ ಇದ್ದಾರೆ ಎಂಬ ಭರವಸೆಯೊಂದಿಗೆ ಹೊಸಬನೊಬ್ಬ ಚೆಂಡಿನ ಮುಂದೆ ನಿಲ್ಲುವುದು ಸಣ್ಣ ಸಂಗತಿಯಲ್ಲ.

ಶ್ರೀಜೇಶ್, ಮನ್‌ಪ್ರೀತ್, ಹರ್ಮನ್‌ಪ್ರೀತ್ ಈ ಮೂವರ ಬಗ್ಗೆ ನನಗೆ ಅತ್ಯಂತ ಮೆಚ್ಚುಗೆಯಾದ ಮಾತು ಬೇರೆಯೇ ಇದೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದವರು ಶ್ರೀಜೇಶ್. ಟೋಕಿಯೊದಲ್ಲಿ ಮನ್‌ಪ್ರೀತ್. ಪ್ಯಾರಿಸ್‌ನಲ್ಲಿ ಹರ್ಮನ್‌ಪ್ರೀತ್. ಅಂದರೆ ಇಬ್ಬರು ಮಾಜಿ ನಾಯಕರು ತಮಗಿಂತ ಕಿರಿಯನ ಕೈಕೆಳಗೆ ಮುನಿಸಿಲ್ಲದೆ ಆಡಿದರು. ಪಟ್ಟ ಬಿಟ್ಟುಕೊಟ್ಟ ಮೇಲೂ ತಂಡಕ್ಕೆ ಮೊದಲಿನಷ್ಟೇ ದುಡಿಯುವುದು ಅನುಭವಿ ನಾಯಕತ್ವದ ತಿರುಳು. ಹಿರಿಯನೊಬ್ಬ ಮುಖ ಗಂಟಿಕ್ಕಿ ಕುಳಿತರೆ ಡ್ರೆಸ್ಸಿಂಗ್ ಕೋಣೆ ಎರಡು ಪಾಲಾಗಲು ಹೆಚ್ಚು ದಿನ ಬೇಡ.

ಹುಡುಗರಲ್ಲಿ ಕೌಶಲ ಕಡಿಮೆ ಎಂದು ಇದರರ್ಥವಲ್ಲ. ಟೋಕಿಯೊ ತಂಡಕ್ಕೆ ಮೊದಲು ಆಯ್ಕೆಯಾದ 16 ಮಂದಿಯಲ್ಲಿ 10 ಮಂದಿಗೆ ಅದು ಮೊದಲ ಒಲಿಂಪಿಕ್ಸ್. ಅವರಲ್ಲಿ ಹಲವರು 2016ರಲ್ಲಿ ಲಖನೌದಲ್ಲಿ ಜೂನಿಯರ್ ವಿಶ್ವಕಪ್ ಗೆದ್ದವರು. ಆದರೆ ದೊಡ್ಡ ಸೋಲಿನ ಮರುದಿನ ಹೇಗೆ ಏಳಬೇಕೆಂಬುದನ್ನು ಕಪ್ ಕಲಿಸುವುದಿಲ್ಲ. ಟೋಕಿಯೊದಲ್ಲಿ ಆಸ್ಟ್ರೇಲಿಯಾ ಭಾರತವನ್ನು 7-1ರಿಂದ ಮಣ್ಣುಮುಕ್ಕಿಸಿತು. ಎರಡೇ ದಿನಗಳ ನಂತರ ಸ್ಪೇನ್ ವಿರುದ್ಧ 3-0 ಗೆಲುವು ಬಂತು, ಅದರಲ್ಲಿ ಎರಡು ಗೋಲು ಅನುಭವಿ ರೂಪಿಂದರ್ ಪಾಲ್ ಸಿಂಗ್ ಅವರದು. ಲಂಡನ್ 2012ರಲ್ಲಿ ಭಾರತ ಎಲ್ಲ ಪಂದ್ಯಗಳನ್ನೂ ಸೋತು ಕೊನೆಯ ಸ್ಥಾನಕ್ಕೆ ಕುಸಿದಾಗ ಶ್ರೀಜೇಶ್, ಮನ್‌ಪ್ರೀತ್ ಇಬ್ಬರೂ ಆ ತಂಡದಲ್ಲಿದ್ದರು. ಆ ಸೋಲನ್ನು ಉಂಡವರು 7-1ನ್ನು ನೋಡುವ ಬಗೆಯೇ ಬೇರೆ.

ವಯಸ್ಸಾದ ಮಾತ್ರಕ್ಕೆ ಈ ಗುಣ ಬರುವುದಿಲ್ಲ. ಜಾಗ ಹಿಡಿದು ಕೂರುವ ಹಿರಿಯ ತಂಡಕ್ಕೆ ಹೊರೆ. ಟೋಕಿಯೊ ಕಂಚು ಗೆದ್ದ ಕೆಲವೇ ವಾರಗಳಲ್ಲಿ ರೂಪಿಂದರ್ ಮತ್ತು ಬೀರೇಂದ್ರ ಲಾಕ್ರಾ ನಿವೃತ್ತರಾದರು. ಶ್ರೀಜೇಶ್ ಅವರೂ ವರ್ಷಗಟ್ಟಲೆ ಕೃಷನ್ ಬಹಾದ್ದೂರ್ ಪಾಠಕ್ ಜೊತೆ ಕ್ವಾರ್ಟರ್ ಕ್ವಾರ್ಟರ್ ಹಂಚಿಕೊಂಡು ಆಡಿದರು. ಹಾಗಾಗಿ ಅವರು ಹೋದ ದಿನ ಗೋಲು ಬರಿದಾಗಲಿಲ್ಲ.

ಕೊಡಗಿನವರಿಗೆ ಈ ಪರಿಕಲ್ಪನೆಯನ್ನು ಯಾರೂ ವಿವರಿಸಬೇಕಾಗಿಲ್ಲ. 1997ರಲ್ಲಿ ಶುರುವಾದ ಕೊಡವ ಕುಟುಂಬಗಳ ಹಾಕಿ ಹಬ್ಬದಲ್ಲಿ ಒಂದೇ ಮನೆತನದ ಹಿರಿಯರೂ ಹುಡುಗರೂ ಒಂದೇ ತಂಡದಲ್ಲಿ ಆಡುತ್ತಾರೆ. ಎಲ್ಲಿ ನಿಲ್ಲಬೇಕು, ಯಾವಾಗ ಪಾಸ್ ಕೊಡಬೇಕು ಎಂಬುದನ್ನು ಮಕ್ಕಳು ಪಕ್ಕದಲ್ಲೇ ಓಡುವ ಚಿಕ್ಕಪ್ಪನಿಂದ ಕಲಿಯುತ್ತಾರೆ.

ಪ್ಯಾರಿಸ್ ಕಂಚಿನ ನಂತರ ಶ್ರೀಜೇಶ್ ಆಟ ನಿಲ್ಲಿಸಿ ಜೂನಿಯರ್ ತಂಡದ ಕೋಚ್ ಆದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಮಸ್ಕತ್‌ನಲ್ಲಿ ಅವರ ಹುಡುಗರು ಫೈನಲ್‌ನಲ್ಲಿ ಪಾಕಿಸ್ತಾನವನ್ನು 5-3ರಿಂದ ಸೋಲಿಸಿ ಜೂನಿಯರ್ ಏಷ್ಯಾ ಕಪ್ ಗೆದ್ದರು.