‘ಏನಿಲ್ರಿ ಟೀಚರ್’ ಅನ್ನುವ ಮಕ್ಕಳ ಜೊತೆ ಮಾತು

ದೀಪಾವಳಿ ಮುಗಿದ ವಾರ ನನ್ನ ಹಾಜರಿ ಪುಸ್ತಕ ನೋಡಿದರೆ ಊರಿನ ಪರಿಸ್ಥಿತಿ ಗೊತ್ತಾಗಿಬಿಡುತ್ತದೆ. ವಿಜಯಪುರ ಜಿಲ್ಲೆಯ ತಾಂಡಾಗಳಿಂದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಗುಳೆ ಹೋಗುವ ಕಾಲ ಅದು. ಕೆಲವು ಮಕ್ಕಳು ಅಪ್ಪ ಅವ್ವನ ಜೊತೆ ಹೋಗುತ್ತಾರೆ. ಕೆಲವರು ಅಜ್ಜಿಯ ಹತ್ತಿರ ಉಳಿಯುತ್ತಾರೆ. ಉಳಿದವರಲ್ಲಿ ಇಬ್ಬರು ಮೂವರಾದರೂ ಪಾಠದ ನಡುವೆ ಕಿಟಕಿ ಕಡೆ ನೋಡುತ್ತಾ ಕೂತಿರುತ್ತಾರೆ. ಏನಾಯ್ತೋ ಅಂತ ಕೇಳಿದರೆ ಒಂದೇ ಉತ್ತರ: “ಏನಿಲ್ರಿ ಟೀಚರ್.”

ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಮೊದಮೊದಲು “ನಿನ್ನ ಭಾವನೆ ಹೇಳು” ಅನ್ನುತ್ತಿದ್ದೆ. ಮಕ್ಕಳು ತಲೆ ತಗ್ಗಿಸುತ್ತಿದ್ದರು. ಭಾವನೆ ಅನ್ನುವುದು ಅವರಿಗೆ ಪುಸ್ತಕದ ಪದ. ಅದನ್ನು ಕೇಳಿದ ಕೂಡಲೇ ಪರೀಕ್ಷೆಯ ಉತ್ತರ ಹುಡುಕುತ್ತಾರೆ, ಸಿಗದಿದ್ದರೆ ಸುಮ್ಮನಾಗುತ್ತಾರೆ.

ಹಾಗಾಗಿ ಒಂದು ದಿನ ಬೋರ್ಡನ್ನು ಅವರಿಗೇ ಬಿಟ್ಟುಕೊಟ್ಟೆ. ಮನೆಯಲ್ಲಿ ಹೇಗೆ ಹೇಳ್ತೀರೋ ಹಾಗೇ ಬರೀರಿ ಅಂದೆ. ಬ್ಯಾಸರ, ಅಂಜಿಕಿ, ಸಿಟ್ಟು, ನಾಚಿಕಿ, ಸಂಕಟ, ಹೊಟ್ಟಿಕಿಚ್ಚು ಬಂದವು. ‘ಎದಿ ಝಲ್ ಅಂತು’, ‘ಮನಿ ಬಿಕೋ ಅಂತೈತಿ’ ಬಂದವು. ತಾಂಡಾದ ಮಕ್ಕಳು ತಮ್ಮ ಲಂಬಾಣಿ ಪದಗಳನ್ನೂ ಬರೆದರು. ಅವನ್ನು ಸರಿಯಾಗಿ ಹೇಳುವುದನ್ನು ನನಗೆ ಅವರೇ ಕಲಿಸಿದರು. ಯಾವಾಗಲೂ ಹಿಂದಿನ ಬೆಂಚಿನಲ್ಲಿ ಕೂರುವವರು ಅವತ್ತು ಬೋರ್ಡಿನ ಹತ್ತಿರ ನಿಂತಿದ್ದರು.

ಆ ಪಟ್ಟಿ ಈಗ ನಮ್ಮ ಗೋಡೆಯ ಮೇಲಿದೆ. ಜಗಳ ಮಾಡಿ ಬಂದ ಒಬ್ಬ ಹುಡುಗನನ್ನು ಅದರ ಮುಂದೆ ನಿಲ್ಲಿಸಿ ಯಾವುದು ಅಂತ ಕೇಳಿದೆ. ಮೊದಲು ಸಿಟ್ಟಿನ ಮೇಲೆ ಬೆರಳಿಟ್ಟ. ಸ್ವಲ್ಪ ಹೊತ್ತು ನೋಡಿ ಬೆರಳು ಸರಿಸಿದ. “ಸಿಟ್ಟಲ್ರಿ, ಸಂಕಟ. ಅವ್ವ ಹೋಗ್ಯಾಳ್ರಿ.” ಸಿಟ್ಟಿಗೆ ನಾವು ಬೈಯುತ್ತೇವೆ. ಸಂಕಟಕ್ಕೆ ಹತ್ತಿರ ಕೂರಿಸಿಕೊಳ್ಳುತ್ತೇವೆ, ಅಲ್ವಾ? ಯಾವುದು ಅಂತ ಗೊತ್ತಾಗದೆ ಎಷ್ಟು ಮಕ್ಕಳಿಗೆ ಬೈದಿದ್ದೇನೋ ಅನ್ನುವ ನೋವು ನನಗೆ ಇನ್ನೂ ಇದೆ.

ಅದಕ್ಕಿಂತ ದೊಡ್ಡ ತಪ್ಪೊಂದು ಬಾಲ್ಯವಿವಾಹದ ಪಾಠದಲ್ಲಿ ಆಯಿತು. “ನಿಮ್ಮ ಮನೇಲಿ ಯಾರಿಗಾದ್ರೂ ಹೀಗೆ ಮದುವೆ ಆಗಿದ್ಯಾ?” ಅಂತ ಇಡೀ ಕ್ಲಾಸಿಗೆ ಕೇಳಿಬಿಟ್ಟೆ. ಎಲ್ಲರೂ ಒಬ್ಬಳ ಕಡೆ ತಿರುಗಿದರು. ಅವಳ ಅಕ್ಕನ ಮದುವೆ ಊರಿಗೆಲ್ಲ ಗೊತ್ತಿತ್ತು. ಮೂರು ದಿನ ಆ ಹುಡುಗಿ ಶಾಲೆಗೆ ಬರಲಿಲ್ಲ.

ಈಗ ನಾನೇ ಒಂದು ಕಥೆ ಕಟ್ಟಿಕೊಂಡು ಹೋಗುತ್ತೇನೆ. ಇಲ್ಲದ ಊರು, ಇಲ್ಲದ ಹುಡುಗಿ. ಒಂಬತ್ತನೇ ಕ್ಲಾಸು, ಮನೆಯಲ್ಲಿ ಗಂಡು ನೋಡುತ್ತಿದ್ದಾರೆ. “ಇವತ್ತು ರಾತ್ರಿ ಅವಳು ಯಾರಿಗೆ ಹೇಳಬಹುದು?” ಅಂತ ಕೇಳುತ್ತೇನೆ. ಮಕ್ಕಳ ಬಾಯಿ ತನ್ನಷ್ಟಕ್ಕೆ ಬಿಚ್ಚುತ್ತದೆ. ಅಜ್ಜಿ, ಸೋದರಮಾವ, ಅಂಗನವಾಡಿ ಟೀಚರ್ ಅನ್ನುತ್ತಾರೆ. ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬಹುದು ಅಂತ ಯಾರಾದರೂ ನೆನಪಿಸುತ್ತಾರೆ. ಹುಡುಗಿಗೆ 18, ಹುಡುಗನಿಗೆ 21 ಆಗಿರಬೇಕು ಅನ್ನುವುದು ಮಕ್ಕಳಿಗೆ ಬಾಯಿಪಾಠ. ಆದರೆ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಂದ 2016ರ ತಿದ್ದುಪಡಿಯ ಪ್ರಕಾರ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಕಾನೂನಿನ ಕಣ್ಣಿಗೆ ಆ ಮದುವೆ ಆಗಿಯೇ ಇಲ್ಲ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ. ಅದನ್ನು ನಿಧಾನವಾಗಿ ಎರಡು ಸಲ ಹೇಳುತ್ತೇನೆ. ಕೇಳಬೇಕಾದವಳು ಆ ಕ್ಲಾಸಿನಲ್ಲೇ ಕೂತಿರಬಹುದು.

ಇಂಥ ವಿಷಯಕ್ಕೆ ಪರ–ವಿರೋಧ ಚರ್ಚಾಸ್ಪರ್ಧೆ ಇಡಲೇಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಜಾತಿಯ ವಿಷಯಕ್ಕಂತೂ ಬೇಡವೇ ಬೇಡ. ಒಬ್ಬರ ಬದುಕು ಇನ್ನೊಬ್ಬರಿಗೆ ಬಹುಮಾನ ಗೆಲ್ಲುವ ವಾದ ಆಗಬಾರದು. “ನಿಮ್ಮ ಓಣಿಯಲ್ಲಿ ಹೇಗೆ, ನೀನು ಹೇಳು” ಅಂತ ಒಂದು ಮಗುವನ್ನು ಎಬ್ಬಿಸಿ ನಿಲ್ಲಿಸುವುದೂ ತಪ್ಪು. ತಾನಾಗಿ ಹೇಳಿದರೆ ಕೇಳೋಣ. ಸುಮ್ಮನಿರುತ್ತೇನೆ ಅಂದರೆ ಸುಮ್ಮನಿರಲಿ.

ಇನ್ನೊಂದು ಮಾತು. “ಯಾರಿಗೂ ಹೇಳಬ್ಯಾಡ್ರಿ ಟೀಚರ್” ಅಂತ ಮಗು ಕೇಳಿದಾಗ ಹೂಂ ಅನ್ನಬೇಡಿ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ಆಗಿದೆ ಅಂತ ಗೊತ್ತಾದರೆ 2012ರ ಪೋಕ್ಸೊ ಕಾಯ್ದೆಯ ಪ್ರಕಾರ ನಾವು ತಿಳಿಸಲೇಬೇಕು. ಮಾತು ಕೊಟ್ಟು ಮುರಿದರೆ ಆ ಮಗು ಇನ್ಯಾರನ್ನೂ ನಂಬುವುದಿಲ್ಲ. ನಾನು ಮೊದಲೇ ಹೇಳಿಬಿಡುತ್ತೇನೆ: “ಊರೆಲ್ಲ ಹೇಳೋದಿಲ್ಲ. ನಿನ್ನ ಕಾಪಾಡೋಕೆ ಯಾರಿಗೆ ಹೇಳಬೇಕೋ ಅವರಿಗೆ ಮಾತ್ರ ಹೇಳ್ತೀನಿ. ಹೇಳೋ ಮುಂಚೆ ನಿನಗೆ ತಿಳಿಸ್ತೀನಿ.”

ಸಮಯವೂ ಮುಖ್ಯ. ಈ ಪಾಠಗಳನ್ನು ಕೊನೆಯ ಪೀರಿಯಡ್‌ನಲ್ಲಿ ಮಾಡುವುದಿಲ್ಲ. ಶನಿವಾರವಂತೂ ಇಲ್ಲ, ಮರುದಿನ ರಜೆ. ಮನಸ್ಸು ಕಲಕಿಕೊಂಡ ಮಗು ಯಾರೂ ಇಲ್ಲದ ಮನೆಗೆ ಹೋಗಿ ಕೂರಬಾರದು. ಬಿಸಿಯೂಟಕ್ಕೆ ಮುಂಚಿನ ಪೀರಿಯಡ್ ತೆಗೆದುಕೊಳ್ಳುತ್ತೇನೆ. ಗಂಟೆ ಹೊಡೆದ ಮೇಲೆ ಸಾಲಿನಲ್ಲಿ ನಾನೂ ತಟ್ಟೆ ಹಿಡಿದು ನಿಲ್ಲುತ್ತೇನೆ. ಕ್ಲಾಸಿನಲ್ಲಿ ಬಾಯಿ ಬಿಡದ ಮಗು ಕೆಲವೊಮ್ಮೆ ಅಲ್ಲಿ, ಅನ್ನ ಕಲಸುತ್ತಾ, “ಟೀಚರ್, ಆ ಹುಡುಗಿ ಮುಂದ ಏನ್ ಮಾಡಿದ್ಳ್ರಿ?” ಅಂತ ಕೇಳುತ್ತದೆ.