ಫೋಟೊ ಶಾರ್ಪ್ ಮಾಡುವ ಕಥೆ: ಡಾರ್ಕ್‌ರೂಮಿನಿಂದ ಎಐವರೆಗೆ

"ಫೋಟೊ ಚೆನ್ನಾಗಿದೆ, ಆದ್ರೆ ಶಾರ್ಪ್ ಸ್ವಲ್ಪ ಜಾಸ್ತಿ ಆಯ್ತು." ಹಕ್ಕಿ ಫೋಟೊ ತೆಗೆಯುವವರ ನಡುವೆ ಈ ಮಾತು ಬಂದರೆ ಸಾಕು, ಚರ್ಚೆ ಶುರುವಾಗುತ್ತದೆ. ರೇಡಿಯಸ್ ಇಳಿಸಿ ಅನ್ನುತ್ತಾರೆ ಒಬ್ಬರು. ಶಾರ್ಪನಿಂಗೇ ಬೇಡ, ಒಳ್ಳೆ ಲೆನ್ಸ್ ತಗೊಳ್ಳಿ ಅನ್ನುತ್ತಾರೆ ಇನ್ನೊಬ್ಬರು. ಮೂರನೆಯವರು ಯಾವುದೋ ಎಐ ಸಾಫ್ಟ್‌ವೇರ್ ಹೆಸರು ಹೇಳಿ ಸುಮ್ಮನಾಗುತ್ತಾರೆ. ಮೂವರೂ ಹೇಳುತ್ತಿರುವುದು ಬೇರೆ ಬೇರೆ ಕಾಲದಲ್ಲಿ ಹುಟ್ಟಿದ ಬೇರೆ ಬೇರೆ ಕೆಲಸಗಳನ್ನು. ಅದಕ್ಕೇ ಈ ಚರ್ಚೆ ಮುಗಿಯುವುದಿಲ್ಲ.

ಮೊದಲು ಒಂದು ವಿಷಯ ತಿಳಿದಿರಬೇಕು. ಹಳೆಯ ಮಾದರಿಯ ಶಾರ್ಪನಿಂಗ್ ಫೋಟೊಗೆ ಹೊಸ ವಿವರ ಸೇರಿಸುವುದಿಲ್ಲ. ಅಂಚುಗಳಲ್ಲಿ ಕಪ್ಪನ್ನು ಇನ್ನಷ್ಟು ಕಪ್ಪು, ಬಿಳಿಯನ್ನು ಇನ್ನಷ್ಟು ಬಿಳಿ ಮಾಡುತ್ತದೆ, ಅಷ್ಟೆ. ನಮ್ಮ ಕಣ್ಣು ಅದನ್ನೇ 'ಕ್ಲಿಯರ್' ಎಂದು ನಂಬುತ್ತದೆ. ಕಣ್ಣಿನ ಈ ಸ್ವಭಾವವನ್ನು ಆಸ್ಟ್ರಿಯಾದ ವಿಜ್ಞಾನಿ ಅರ್ನ್‌ಸ್ಟ್ ಮಾಖ್ 1865ರಲ್ಲೇ ವಿವರಿಸಿದ್ದರು. ಒಂದು ತಿಳಿ, ಒಂದು ಗಾಢ ಬೂದು ಪಟ್ಟಿಗಳನ್ನು ಅಂಟಿಸಿ ಇಟ್ಟರೆ, ಅವು ಕೂಡುವ ಜಾಗದಲ್ಲಿ ಇಲ್ಲದ ಗೆರೆಯೊಂದು ಇದ್ದಂತೆ ಕಾಣುತ್ತದೆ. ಶಾರ್ಪನಿಂಗ್ ನಡೆಯುವುದು ಇದೇ ಬಲಹೀನತೆಯ ಮೇಲೆ.

ಲೆಕ್ಕ ಕಷ್ಟವಲ್ಲ. ಒಂದು ಸಾಲಿನಲ್ಲಿ ಆರು ಪಿಕ್ಸೆಲ್ (ಫೋಟೊದ ಚುಕ್ಕಿಗಳು) ಇವೆ, ಅವುಗಳ ಬೆಳಕಿನ ಅಳತೆ ಹೀಗಿದೆ ಅಂದುಕೊಳ್ಳಿ: 100, 100, 100, 150, 150, 150. ಪ್ರತಿಯೊಂದಕ್ಕೂ ಅದರ ಮತ್ತು ಅಕ್ಕಪಕ್ಕದ ಎರಡರ ಸರಾಸರಿ ತೆಗೆದರೆ ಸಾಲು ಮಸುಕಾಗುತ್ತದೆ. ನಡುವಿನ ಎರಡು ಸುಮಾರು 117 ಮತ್ತು 133 ಆಗುತ್ತವೆ. ಮೂಲದಿಂದ ಈ ಮಸುಕು ಪ್ರತಿಯನ್ನು ಕಳೆಯಿರಿ, ಸಿಕ್ಕ ವ್ಯತ್ಯಾಸವನ್ನು ಮೂಲಕ್ಕೇ ಕೂಡಿಸಿ. ಈಗ ಸಾಲು 100, 100, 83, 167, 150, 150. ಅಂಚಿನ ಅಂತರ 50 ಇದ್ದದ್ದು 84ಕ್ಕೆ ಏರಿತು. ಉಳಿದ ಪಿಕ್ಸೆಲ್‌ಗಳು ಇದ್ದಲ್ಲೇ ಇವೆ. ಫೋಟೊಶಾಪ್‌ನ ಅನ್‌ಶಾರ್ಪ್ ಮಾಸ್ಕ್ ಮಾಡುವ ಕೆಲಸದ ತಿರುಳು ಇಷ್ಟೇ.

ಕಂಪ್ಯೂಟರ್ ಬರುವ ಎಷ್ಟೋ ಮೊದಲು, 1930ರ ದಶಕದಲ್ಲೇ, ಜರ್ಮನಿಯ ಡಾರ್ಕ್‌ರೂಮುಗಳಲ್ಲಿ ಈ ಕೆಲಸ ಕೈಯಿಂದ ನಡೆಯುತ್ತಿತ್ತು. ನೆಗೆಟಿವ್‌ನಿಂದ ಬೇಕೆಂದೇ ಮಸುಕಾದ ಪಾಸಿಟಿವ್ ಒಂದನ್ನು ತೆಗೆದು, ಎರಡನ್ನೂ ಒಂದರ ಮೇಲೊಂದು ಸರಿಯಾಗಿ ಕೂರಿಸಿ ಪ್ರಿಂಟ್ ಹಾಕುತ್ತಿದ್ದರು. ಆಮೇಲೆ ಅಚ್ಚಿನ ಮನೆಗಳಿಗೆ ಚಿತ್ರವನ್ನು ಓದುವ ಡ್ರಮ್ ಸ್ಕ್ಯಾನರ್ ಯಂತ್ರ ಬಂತು. ಒಂದು ಸಣ್ಣ ರಂಧ್ರದಿಂದ ಸ್ಪಷ್ಟ ಚಿತ್ರ, ಇನ್ನೊಂದು ದೊಡ್ಡ ರಂಧ್ರದಿಂದ ಮಸುಕು ಚಿತ್ರ ಓದಿ, ಕಳೆದು ಕೂಡಿಸುವುದನ್ನು ವಿದ್ಯುತ್ತಿನಲ್ಲೇ ಮಾಡಿತು. ಅಲ್ಲಿಯವರೆಗೆ ಶಾರ್ಪನಿಂಗ್ ಎಂದರೆ ಕೊನೆಯ ಹಂತದ ಕೆಲಸ. ಚಿತ್ರ ಯಾವ ಕಾಗದಕ್ಕೆ, ಯಾವ ಅಳತೆಗೆ ಹೋಗುತ್ತದೆ ಎಂದು ತಿಳಿದವರೊಬ್ಬರು ಒಂದೇ ಸಲ ಮಾಡುತ್ತಿದ್ದರು.

ಡಿಜಿಟಲ್ ಕ್ಯಾಮೆರಾದಲ್ಲಿ ಇದು ಬೇಕೇ ಬೇಕಾಯಿತು. ಕೊಡಾಕ್‌ನ ಬ್ರೈಸ್ ಬೇಯರ್ ಅವರಿಗೆ 1976ರಲ್ಲಿ ಪೇಟೆಂಟ್ ಸಿಕ್ಕ ಬಣ್ಣದ ಜಾಲ ಇಂದಿಗೂ ಹೆಚ್ಚಿನ ಸೆನ್ಸರ್‌ಗಳ (ಬೆಳಕು ಹಿಡಿಯುವ ಚಿಪ್‌ಗಳ) ಮೇಲಿದೆ. ಪಿಕ್ಸೆಲ್‌ಗಳಲ್ಲಿ ಅರ್ಧಕ್ಕೆ ಹಸಿರು, ಕಾಲು ಭಾಗಕ್ಕೆ ಕೆಂಪು, ಕಾಲು ಭಾಗಕ್ಕೆ ನೀಲಿ. ಅಂದರೆ ಪ್ರತಿ ಪಿಕ್ಸೆಲ್‌ಗೂ ಒಂದೇ ಬಣ್ಣ ಗೊತ್ತು, ಉಳಿದೆರಡನ್ನು ಅಕ್ಕಪಕ್ಕದವನ್ನು ನೋಡಿ ಅಂದಾಜು ಮಾಡಬೇಕು. ಸಾಲದ್ದಕ್ಕೆ, ಸೀರೆಯ ಸಣ್ಣ ಚೌಕುಳಿಯಂಥ ಕಡೆ ಇಲ್ಲದ ಅಲೆ ಅಲೆ ವಿನ್ಯಾಸ ಮೂಡಬಾರದೆಂದು ಸೆನ್ಸರ್ ಮುಂದೆಯೇ ಒಂದು ಮಸುಕು ಮಾಡುವ ಗಾಜು ಕೂರಿಸಿದರು. 2012ರಲ್ಲಿ ನಿಕಾನ್ ತನ್ನ ಡಿ800 ಜೊತೆಗೆ, ಆ ಗಾಜಿನ ಪರಿಣಾಮವನ್ನು ರದ್ದು ಮಾಡಿದ ಡಿ800ಇ ಎಂಬ ಇನ್ನೊಂದು ಮಾದರಿಯನ್ನೂ ಬಿಟ್ಟಿತು. ಈಗ ಎಷ್ಟೋ ಕ್ಯಾಮೆರಾಗಳಲ್ಲಿ ಆ ಗಾಜು ಇಲ್ಲ. ಆದರೆ ಆ ಕಾಲದಲ್ಲಿ ಕಲಿತ ಶಾರ್ಪನಿಂಗ್ ಅಭ್ಯಾಸ ಇನ್ನೂ ಹಾಗೇ ಇದೆ.

ಫೋಟೊಶಾಪ್ ಮಾರುಕಟ್ಟೆಗೆ ಬಂದದ್ದು 1990ರಲ್ಲಿ. ಅದರ ಅನ್‌ಶಾರ್ಪ್ ಮಾಸ್ಕ್‌ಗೆ ಮೂರು ಸ್ಲೈಡರ್. ಎಷ್ಟು ಜೋರು ಎಂಬುದಕ್ಕೆ ಅಮೌಂಟ್, ಅಂಚಿನಿಂದ ಎಷ್ಟು ದೂರ ಎಂಬುದಕ್ಕೆ ರೇಡಿಯಸ್, ಎಷ್ಟು ಸಣ್ಣ ವ್ಯತ್ಯಾಸವನ್ನು ಮುಟ್ಟಬಾರದು ಎಂಬುದಕ್ಕೆ ಥ್ರೆಶೋಲ್ಡ್. 2003ರಲ್ಲಿ ಕ್ಯಾನನ್ 300ಡಿ, ಮರುವರ್ಷ ನಿಕಾನ್ ಡಿ70 ಬಂದಾಗ ನಮ್ಮ ಊರುಗಳ ಸ್ಟುಡಿಯೊಗಳೂ ರೋಲ್ ಬಿಡತೊಡಗಿದವು. ಎರಡೂ ಆರು ಚಿಲ್ಲರೆ ಮೆಗಾಪಿಕ್ಸೆಲ್ ಕ್ಯಾಮೆರಾಗಳು. ಅಷ್ಟರಲ್ಲೇ ಮದುವೆ ಆಲ್ಬಮ್‌ನ ಎರಡು ಪುಟ ತುಂಬುವ ಫೋಟೊ ಬೇಕು. ಸಹಜವಾಗಿಯೇ ಕೈ ಅನ್‌ಶಾರ್ಪ್ ಮಾಸ್ಕ್ ಕಡೆ ಹೋಯಿತು.

ಆ ಕಾಲದಲ್ಲಿ ಸೂತ್ರಗಳು ಬಾಯಿಂದ ಬಾಯಿಗೆ ಹರಡುತ್ತಿದ್ದವು. ಅಮೌಂಟ್ 150, ರೇಡಿಯಸ್ 1, ಥ್ರೆಶೋಲ್ಡ್ 3 ಎಂಬಂಥವು. ಚೀಟಿಯಲ್ಲಿ ಬರೆದು ಮಾನಿಟರ್‌ಗೆ ಅಂಟಿಸಿಕೊಂಡವರೂ ಇದ್ದರು. ಫೋಟೊ ಯಾವುದೇ ಇರಲಿ, ಸೂತ್ರ ಅದೇ. ಧಾರೆ ಸೀರೆಯ ಜರಿಗೆ ಸರಿಹೋಗುವ ಸಂಖ್ಯೆ ಮದುಮಗಳ ಕೆನ್ನೆಗೆ ಹೊಂದುತ್ತದೆಯೇ? ಜರಿ ಮಿಂಚಿತು, ಜೊತೆಗೆ ಮೇಕಪ್ಪಿನ ಪುಡಿಯೂ ಎದ್ದು ಕಂಡಿತು. ಥ್ರೆಶೋಲ್ಡ್ ಏರಿಸಿದರೆ ಕೆನ್ನೆ ಬಚಾವು, ರೆಪ್ಪೆ ಮಂಕು. ಬುದ್ಧಿವಂತರು ಲೇಯರ್ ಮಾಸ್ಕ್ ಹಾಕಿ ಕಣ್ಣು, ಒಡವೆ, ಜರಿಗೆ ಮಾತ್ರ ಶಾರ್ಪ್ ಕೊಟ್ಟರು. ಸೀಸನ್ನಿನಲ್ಲಿ ಆಲ್ಬಮ್ ಮೇಲೆ ಆಲ್ಬಮ್ ಬಾಕಿ ಇರುವಾಗ ಅಷ್ಟು ಪುರುಸೊತ್ತು ಯಾರಿಗಿತ್ತು? ಬಣ್ಣದ ಅಂಚು ಒಡೆಯದಿರಲೆಂದು ಬೆಳಕನ್ನೂ ಬಣ್ಣವನ್ನೂ ಬೇರೆ ಮಾಡುವ ಲ್ಯಾಬ್ ಮೋಡ್‌ಗೆ ಹೋಗಿ ಬೆಳಕಿನ ಚಾನೆಲ್‌ಗೆ ಮಾತ್ರ ಶಾರ್ಪ್ ಕೊಡುವುದು, ಅಂಚುಗಳನ್ನು ಮಾತ್ರ ಉಳಿಸುವ ಹೈ ಪಾಸ್ ಫಿಲ್ಟರ್ ಹಾಕಿ ಮೂಲದ ಮೇಲೆ ಓವರ್‌ಲೇ ಮಾಡುವುದು, ಇವೆಲ್ಲ ಗುಟ್ಟಿನ ವಿದ್ಯೆಯಂತೆ ಚಾಲ್ತಿಯಲ್ಲಿದ್ದವು. ನನ್ನ ಮಟ್ಟಿಗೆ ಶಾರ್ಪನಿಂಗ್ ಇತಿಹಾಸದ ಅತ್ಯಂತ ಸ್ವಾರಸ್ಯದ ಕಾಲ ಇದೇ. ತಪ್ಪು ಬೇಕಾದಷ್ಟು ಆದವು, ಆದರೆ ಯಾವ ಸ್ಲೈಡರ್ ಏನು ಮಾಡುತ್ತದೆ ಎಂದು ಜನ ತಲೆ ಕೆಡಿಸಿಕೊಂಡಿದ್ದರು.

ಈ ಗೊಂದಲಕ್ಕೊಂದು ಕ್ರಮ ತಂದವರಲ್ಲಿ ಫೋಟೊಶಾಪ್ ಪುಸ್ತಕಗಳ ಲೇಖಕ ಬ್ರೂಸ್ ಫ್ರೇಸರ್ ಮುಖ್ಯರು. ಕೆಲಸವನ್ನು ಮೂರು ಹಂತ ಮಾಡಿ ಎಂದರು ಅವರು. ಕ್ಯಾಮೆರಾದಲ್ಲೇ ಆದ ಮಸುಕಿಗೆ ಮೊದಲು ಹಗುರವಾಗಿ ಒಮ್ಮೆ. ಕಣ್ಣು, ಒಡವೆಯಂಥ ಆಯ್ದ ಕಡೆ ಆಮೇಲೆ. ಕೊನೆಗೆ ಪ್ರಿಂಟ್ ಅಥವಾ ಸ್ಕ್ರೀನಿಗೆ ತಕ್ಕಂತೆ ಇನ್ನೊಮ್ಮೆ. ಶಾಯಿ ಕಾಗದದಲ್ಲಿ ಹರಡುತ್ತದೆ, ಹಾಗಾಗಿ ಪ್ರಿಂಟ್‌ಗೆ ಹೋಗುವ ಫೋಟೊ ಸ್ಕ್ರೀನಿನಲ್ಲಿ ತುಸು ಒರಟಾಗಿಯೇ ಕಾಣಬೇಕು. ಸುದ್ದಿಪತ್ರಿಕೆಯ ಕಾಗದಕ್ಕಂತೂ ಇನ್ನೂ ಹೆಚ್ಚು. ಫ್ರೇಸರ್ 2006ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಮರುವರ್ಷ ಬಂದ ಫೋಟೊ ಎಡಿಟಿಂಗ್ ಸಾಫ್ಟ್‌ವೇರ್ ಲೈಟ್‌ರೂಮ್ 1.1ರಲ್ಲಿ ಅಮೌಂಟ್, ರೇಡಿಯಸ್, ಡೀಟೇಲ್, ಮಾಸ್ಕಿಂಗ್ ಎಂಬ ನಾಲ್ಕು ಸ್ಲೈಡರ್‌ಗಳು ಬಂದವು. ಆಲ್ಟ್ ಕೀಲಿ ಒತ್ತಿ ಹಿಡಿದು ಮಾಸ್ಕಿಂಗ್ ಎಳೆದರೆ ಚಿತ್ರ ಕಪ್ಪು ಬಿಳುಪಾಗುತ್ತದೆ. ಬಿಳಿ ಇದ್ದಲ್ಲಿ ಮಾತ್ರ ಶಾರ್ಪ್. ಇಷ್ಟು ಉಪಯೋಗದ ಸೌಲಭ್ಯವನ್ನು ಇಂದಿಗೂ ಮುಟ್ಟಿಯೇ ನೋಡದವರು ಬಹಳ ಮಂದಿ.

ಫ್ರೇಸರ್ ಹೇಳಿದ ಮೂರು ಹಂತಗಳನ್ನೂ ಒಬ್ಬರೇ, ಲೆಕ್ಕ ಇಟ್ಟುಕೊಂಡು ಮಾಡಬೇಕಿತ್ತು. ಆದದ್ದು ಬೇರೆ. ಕ್ಯಾಮೆರಾ ಜೆಪೆಗ್ ಮಾಡುವಾಗಲೇ ಒಂದು ಸುತ್ತು ಹಾಕುತ್ತದೆ. ಎಡಿಟ್ ಮಾಡುವವರದು ಇನ್ನೊಂದು. ಎಕ್ಸ್‌ಪೋರ್ಟ್ ಮಾಡುವಾಗ ಸಾಫ್ಟ್‌ವೇರ್‌ನದು ಮತ್ತೊಂದು. ಆಲ್ಬಮ್ ಕೊಟ್ಟ ಕಲರ್ ಲ್ಯಾಬಿನ ಯಂತ್ರಕ್ಕೂ ತನ್ನದೇ ಸೆಟ್ಟಿಂಗ್ ಇರುತ್ತದೆ. ಮನೆಯಲ್ಲಿ ನಾಲ್ಕು ಜನ ಒಬ್ಬರಿಗೊಬ್ಬರು ಹೇಳದೆ ಒಂದೇ ಪಾತ್ರೆಯ ಸಾರಿಗೆ ಉಪ್ಪು ಹಾಕಿದರೆ ಹೇಗೋ ಹಾಗೆ. ರಾ ಫೈಲ್ (ಕ್ಯಾಮೆರಾ ತಿದ್ದದೆ ಕೊಡುವ ಮೂಲ ಫೈಲ್) ತೆಗೆಯುವವರಿಗೆ ಇನ್ನೊಂದು ಎಡವಟ್ಟು. ಕ್ಯಾಮೆರಾದ ಹಿಂದಿನ ಸ್ಕ್ರೀನ್ ತೋರಿಸುವುದು ಶಾರ್ಪ್ ಮಾಡಿದ ಜೆಪೆಗ್ ಪ್ರಿವ್ಯೂ. ಮನೆಗೆ ಬಂದು ರಾ ತೆರೆದರೆ ಸಪ್ಪೆ. ಏನೋ ಕೆಟ್ಟಿದೆ ಎಂದುಕೊಂಡು ಸ್ಲೈಡರ್ ಬಲಕ್ಕೆ ಎಳೆಯುತ್ತಾರೆ.

ಅತಿಯಾದದ್ದನ್ನು ಗುರುತಿಸಲು ಪಿಕಳಾರ (ಬುಲ್‌ಬುಲ್) ಹಕ್ಕಿಯ ಫೋಟೊ ಸಾಕು. ಕಪ್ಪು ಜುಟ್ಟು, ಹಿಂದೆ ಬೆಳ್ಳನೆ ಆಕಾಶ. 100% ಝೂಮ್ ಮಾಡಿ ಜುಟ್ಟಿನ ಅಂಚು ನೋಡಿ. ಆಕಾಶಕ್ಕಿಂತಲೂ ಬೆಳ್ಳಗಿನ ಸಣ್ಣ ಗೆರೆ ಸುತ್ತಿಕೊಂಡಿದ್ದರೆ ಅದೇ ಹ್ಯಾಲೊ. ರೇಡಿಯಸ್ ಹೆಚ್ಚಿದಷ್ಟೂ ಅದು ದಪ್ಪ. ಹಿನ್ನೆಲೆಯ ಹಸಿರು ನುಣುಪಾಗಿರಬೇಕಾದ ಕಡೆ ಮರಳು ಚೆಲ್ಲಿದಂತಿದ್ದರೆ, ಗರಿಯ ಜೊತೆ ನಾಯ್ಸ್ (ಫೋಟೊದಲ್ಲಿ ಬೇಡದ ಕಾಳು ಕಾಳು ಚುಕ್ಕಿ) ಕೂಡ ಶಾರ್ಪ್ ಆಗಿದೆ ಎಂದರ್ಥ. ಇದನ್ನು ಇನ್‌ಸ್ಟಾಗ್ರಾಮ್ ಕುಗ್ಗಿಸಿ, ಮತ್ತೆ ಒತ್ತಿ ಹಿಂಡಿದಾಗ ಜುಟ್ಟಿನ ಸುತ್ತ ಕೊಳಕು ಚುಕ್ಕಿಗಳು ಏಳುತ್ತವೆ. ಅಪ್‌ಲೋಡ್ ಮಾಡುವ ಅಳತೆಗೆ ನೀವೇ ಮೊದಲು ಇಳಿಸಿಕೊಂಡು, ಆಮೇಲೆ ಹಗುರವಾಗಿ ಶಾರ್ಪ್ ಮಾಡಿದರೆ ಇದು ಬಹಳಷ್ಟು ತಪ್ಪುತ್ತದೆ.

ಇನ್ನೊಂದು ದಾರಿ ಖಗೋಳದ ಕಡೆಯಿಂದ ಬಂತು. ಮಸುಕು ಹೇಗಾಯಿತು ಎಂದು ಗೊತ್ತಿದ್ದರೆ ಅದನ್ನು ಹಿಂದಕ್ಕೆ ತಿರುಗಿಸಬಹುದು ಎಂಬುದು ಅದರ ಲೆಕ್ಕ. ವಿಲಿಯಂ ರಿಚರ್ಡ್‌ಸನ್ 1972ರಲ್ಲಿ, ಲಿಯಾನ್ ಲೂಸಿ 1974ರಲ್ಲಿ ಬೇರೆ ಬೇರೆಯಾಗಿ ಒಂದೇ ವಿಧಾನ ಪ್ರಕಟಿಸಿದರು. 1990ರಲ್ಲಿ ಹಾರಿಸಿದ ಹಬಲ್ ದೂರದರ್ಶಕದ ಕನ್ನಡಿ ತಪ್ಪಾಗಿ ಉಜ್ಜಲ್ಪಟ್ಟಿತ್ತು. 1993ರ ಡಿಸೆಂಬರ್‌ನಲ್ಲಿ ಗಗನಯಾತ್ರಿಗಳು ಹೋಗಿ ಸರಿಪಡಿಸುವವರೆಗೆ ಇಂಥ ಲೆಕ್ಕಗಳೇ ಚಿತ್ರಗಳನ್ನು ಉಳಿಸಿಕೊಂಡವು. ಉಚಿತವಾಗಿ ಸಿಗುವ ರಾಥೆರಪಿ ಎಂಬ ಸಾಫ್ಟ್‌ವೇರ್‌ನಲ್ಲಿ ಈ ವಿಧಾನ ಇದೆ, ಬೇಕಾದವರು ಪ್ರಯೋಗಿಸಿ ನೋಡಬಹುದು.

ಇದುವರೆಗಿನ ಎಲ್ಲ ವಿಧಾನಗಳೂ ಫೋಟೊದಲ್ಲಿ ಇದ್ದದ್ದನ್ನೇ ಎತ್ತಿ ತೋರಿಸಿದವು. ಕಳೆದ ಕೆಲವು ವರ್ಷಗಳ ಎಐ ಸಾಫ್ಟ್‌ವೇರ್‌ಗಳು ಹಾಗಲ್ಲ. ಬಹಳಷ್ಟು ಫೋಟೊಗಳನ್ನು ನೋಡಿ ಕಲಿತು, ಗರಿ ಸಾಮಾನ್ಯವಾಗಿ ಹೀಗಿರುತ್ತದೆ ಎಂದು ಅಂದಾಜಿಸಿ ಬಿಡಿಸುತ್ತವೆ. ನಿಜಕ್ಕೂ ಚೆನ್ನಾಗಿಯೇ ಬಿಡಿಸುತ್ತವೆ. ಆದರೆ ಅದು ನೀವು ಕಂಡ ಹಕ್ಕಿಯ ಗರಿಯೇ? 2023ರ ಮಾರ್ಚ್‌ನಲ್ಲಿ ಒಬ್ಬರು ಬೇಕೆಂದೇ ಮಸುಕು ಮಾಡಿದ ಚಂದ್ರನ ಚಿತ್ರವನ್ನು ಮಾನಿಟರ್‌ನಲ್ಲಿ ತೋರಿಸಿ ಫೋನಿನಿಂದ ಫೋಟೊ ತೆಗೆದರು. ಮಾನಿಟರ್ ಮೇಲೆ ಇಲ್ಲದ ಕುಳಿಗಳು ಫೋಟೊದಲ್ಲಿ ಮೂಡಿದ್ದವು.

ಈಗ ಇದು ಅಭಿರುಚಿಯ ಪ್ರಶ್ನೆಯಾಗಿ ಉಳಿದಿಲ್ಲ. 2024ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯವೊಂದು ಕೊಲೆ ಪ್ರಕರಣದಲ್ಲಿ ಎಐನಿಂದ ಸ್ಪಷ್ಟಗೊಳಿಸಿದ ಮೊಬೈಲ್ ವಿಡಿಯೊವನ್ನು ಸಾಕ್ಷ್ಯವಾಗಿ ಒಪ್ಪಲಿಲ್ಲ. ಅದೇ ವರ್ಷದ ವರ್ಲ್ಡ್ ಪ್ರೆಸ್ ಫೋಟೊ ಸ್ಪರ್ಧೆಯ ನಿಯಮಗಳು, ಚಿತ್ರ ಹಿಗ್ಗಿಸಿ ಶಾರ್ಪ್ ಮಾಡುವ ಎಐ ಸಾಧನಗಳನ್ನು ಹೊರಗಿಟ್ಟವು; ಅವು ಹೊಸ ಮಾಹಿತಿ ಸೇರಿಸುತ್ತವೆ ಎಂಬುದು ಕಾರಣ. ಎಐನಿಂದ ನಾಯ್ಸ್ ತೆಗೆಯುವಂಥ ಕೆಲಸಗಳಿಗೆ ಮಿತಿಯೊಳಗೆ ಅವಕಾಶ ಉಳಿಯಿತು. ಇತ್ತ ನಾಯ್ಸ್ ತೆಗೆಯುವ ಸಾಫ್ಟ್‌ವೇರ್‌ಗಳಲ್ಲಿ ಹಲವು ಅದೇ ಕ್ಲಿಕ್ಕಿನಲ್ಲಿ ಶಾರ್ಪ್ ಕೂಡ ಮಾಡಿಬಿಡುತ್ತವೆ. ಮೂಲ ರಾ ಫೈಲ್ ಪಕ್ಕದಲ್ಲಿಟ್ಟು ನೋಡದೆ ತೀರ್ಪುಗಾರರಿಗೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ.