ಪಥ್ಯದಿಂದ ಪಾಲಿಪ್ ಕರಗುವುದಿಲ್ಲ

ದೊಡ್ಡ ಕರುಳಿನಲ್ಲಿ ಪಾಲಿಪ್ (ಒಳಪದರದ ಮೇಲೆ ಬೆಳೆಯುವ ಸಣ್ಣ ಗಂಟು) ಇದೆ, ಅದನ್ನು ಕೊಲೊನೋಸ್ಕೋಪಿಯಲ್ಲೇ, ಅಂದರೆ ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಕರುಳಿಗೆ ಇಳಿಸಿ ನೋಡುವಾಗಲೇ, ತೆಗೆಯಬೇಕು ಎಂದು ವೈದ್ಯರಾದ ನಾವು ದಿನ ಗೊತ್ತುಮಾಡಿ ಕಳುಹಿಸಿದವರಲ್ಲಿ ಕೆಲವರು ಆ ದಿನಕ್ಕೆ ಬರುವುದಿಲ್ಲ. ತಿಂಗಳುಗಟ್ಟಲೆ ಕಳೆದ ಮೇಲೆ ಬಂದಾಗ ಕಾರಣ ಕೇಳಿದರೆ, ಉರಿಯೂತ (ದೇಹದೊಳಗಿನ ಊತ, ಕೆರಳಿಕೆ) ತಗ್ಗಿಸುವ ಪಥ್ಯ ಹಿಡಿದಿದ್ದೆ, ಕರಗಬಹುದೆಂದು ಕಾದೆ ಎನ್ನುತ್ತಾರೆ. ಆಹಾರಕ್ಕೂ ಪಾಲಿಪ್‌ಗೂ ಸಂಬಂಧವಿದೆ ಎಂಬ ಮಾತು ಸುಳ್ಳಲ್ಲದ ಕಾರಣ ಇವರಿಗೆ ತಿಳಿಹೇಳುವುದು ಇನ್ನಷ್ಟು ಕಷ್ಟ.

ಆಹಾರದ ಉರಿಯೂತ ಸಾಮರ್ಥ್ಯವನ್ನು ಅಳೆಯಲು ಸಂಶೋಧಕರು ಬಳಸುವ ಒಂದು ಸೂಚ್ಯಂಕ, 2014ರಲ್ಲಿ ಪರಿಷ್ಕೃತವಾದ ರೂಪದಲ್ಲಿ, 45 ಆಹಾರಾಂಶಗಳನ್ನು ಪರಿಗಣಿಸುತ್ತದೆ. ಸ್ಯಾಚುರೇಟೆಡ್ ಕೊಬ್ಬು, ಟ್ರಾನ್ಸ್ ಕೊಬ್ಬು ಮುಂತಾದವು ಉರಿಯೂತ ಹೆಚ್ಚಿಸುವ ಕಡೆಗೂ, ನಾರು, ಮೀನಿನ ಒಮೆಗಾ-3, ಅರಿಶಿನ, ಶುಂಠಿ, ಬೆಳ್ಳುಳ್ಳಿ ಮುಂತಾದವು ತಗ್ಗಿಸುವ ಕಡೆಗೂ ಲೆಕ್ಕಕ್ಕೆ ಬರುತ್ತವೆ. ಉರಿಯೂತ ಹೆಚ್ಚಿಸುವ ಆಹಾರವನ್ನು ವರ್ಷಾನುಗಟ್ಟಲೆ ಉಂಡವರಲ್ಲಿ ಮುಂದೆ ಕ್ಯಾನ್ಸರಿಗೆ ತಿರುಗಬಲ್ಲ ಅಡೆನೋಮಾ ಎಂಬ ಬಗೆಯ ಪಾಲಿಪ್‌ಗಳೂ ಕರುಳಿನ ಕ್ಯಾನ್ಸರೂ ಹೆಚ್ಚಾಗಿ ಕಾಣುತ್ತವೆ ಎಂದು ಹಲವು ಅಧ್ಯಯನಗಳು ಹೇಳಿವೆ. ಇವು ಬಹುತೇಕ ಜನರ ಊಟದ ರೂಢಿಯನ್ನು ಗಮನಿಸಿ ಮಾಡಿದವು. ಅಂಥವರಲ್ಲಿ ಧೂಮಪಾನ, ಮದ್ಯ, ಬೊಜ್ಜು ಕೂಡ ಜೊತೆಗಿರುವುದರಿಂದ ಎಲ್ಲವನ್ನೂ ತಟ್ಟೆಯ ಮೇಲೆ ಹೊರಿಸಲಾಗದು.

ನಾನು ಒತ್ತಿ ಹೇಳಬೇಕಾದದ್ದು ಇಷ್ಟು: ಈ ಸಂಬಂಧವೆಲ್ಲ ಪಾಲಿಪ್ ಹುಟ್ಟುವ ಸಾಧ್ಯತೆಗೆ ಸೇರಿದ್ದು, ಹುಟ್ಟಿ ಕೂತಿರುವ ಪಾಲಿಪ್‌ಗಲ್ಲ. ಕರುಳಿನ ಒಳಪದರದ ಕೋಶಗಳು ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತವೆ. ಮಂದವಾದ ಉರಿಯೂತ ಸದಾ ಇರುವ ಕಡೆ ಈ ನವೀಕರಣದಲ್ಲಿ ಎಡವಟ್ಟಾಗುವ ಸಂಭವ ಹೆಚ್ಚು. ಆದರೆ ಕೋಶದ ವಂಶವಾಹಿಯಲ್ಲಿ ಬದಲಾವಣೆಯಾಗಿ, ಅದು ಅಂಕೆಯಿಲ್ಲದೆ ಬೆಳೆಯತೊಡಗಿ ಅಡೆನೋಮಾ ಆದ ಮೇಲೆ, ಬೆಳಿಗ್ಗೆ ಕುಡಿದ ಅರಿಶಿನದ ಕಷಾಯ ಆ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ಅಮೆರಿಕದಲ್ಲಿ ಪಾಲಿಪ್ ತೆಗೆಸಿಕೊಂಡ ಸುಮಾರು 2000 ಜನರಲ್ಲಿ ಒಂದು ಗುಂಪಿಗೆ ಕೊಬ್ಬು ಕಡಿಮೆ, ನಾರು, ಹಣ್ಣು, ತರಕಾರಿ ಹೆಚ್ಚಿರುವ ಊಟವನ್ನು ನಾಲ್ಕು ವರ್ಷ ರೂಢಿಮಾಡಿಸಿದ ಪ್ರಯೋಗದ ಫಲಿತಾಂಶ 2000ನೇ ಇಸವಿಯಲ್ಲಿ ಪ್ರಕಟವಾಯಿತು. ಹೊಸ ಅಡೆನೋಮಾ ಕಂಡವರು ಊಟ ಬದಲಿಸಿದ, ಬದಲಿಸದ ಎರಡೂ ಗುಂಪುಗಳಲ್ಲಿ ನೂರಕ್ಕೆ ಸುಮಾರು 40. ನಾಲ್ಕು ವರ್ಷ ಸಾಲದೇ ಹೋಗಿರಬಹುದು, ಊಟದ ಬದಲಾವಣೆ ತಡವಾಗಿರಬಹುದು. ಅದೇನೇ ಇರಲಿ, ನಾಲ್ಕು ವರ್ಷದಲ್ಲಿ ಆಗದ್ದನ್ನು ನಾಲ್ಕು ತಿಂಗಳಲ್ಲಿ ನಿರೀಕ್ಷಿಸುವವರಿಗೆ ಏನು ಹೇಳಲಿ?

ಕಾರ್ಕಳದ ಕಡೆಯ ಅಡಿಕೆ ಬೆಳೆಗಾರರೊಬ್ಬರ ಪಾಲಿಪ್ ಎರಡು ಸೆಂಟಿಮೀಟರಿನಷ್ಟಿತ್ತು. ಹೃದಯದ ಸ್ಟೆಂಟಿಗಾಗಿ ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದುದರಿಂದ ಅದೇ ದಿನ ತೆಗೆಯದೆ, ಹೃದ್ರೋಗ ತಜ್ಞರನ್ನು ಕೇಳಿಕೊಂಡು ಬರಲು ಹೇಳಿದ್ದೆ. ಅವರು ಬಂದದ್ದು ಒಂದು ಮಳೆಗಾಲ ಕಳೆದು, ಕೈಯಲ್ಲಿ ಗೆರೆ ಎಳೆದ ನೋಟುಪುಸ್ತಕ ಹಿಡಿದು. ಯಾವ ದಿನ ಕಷಾಯ, ಯಾವ ದಿನ ನುಗ್ಗೆಸೊಪ್ಪು ಎಂದು ಅಡಿಕೆ ಲೆಕ್ಕದಷ್ಟೇ ಚೊಕ್ಕಟವಾಗಿ ಬರೆದಿದ್ದರು. ಪಕ್ಕದಲ್ಲಿದ್ದ ಹೆಂಡತಿ, "ಬಂಗುಡೆ ಬಿಟ್ರು, ಮೆಣಸು ಬಿಟ್ರು ಡಾಕ್ಟ್ರೇ. ಸಂಜೆಯ ಗೋಳಿಬಜೆ ಮಾತ್ರ ಆ ಪುಸ್ತಕದಲ್ಲಿ ಇಲ್ಲ" ಎಂದರು. ಮತ್ತೆ ನೋಡಿದಾಗ ಪಾಲಿಪ್ ಇದ್ದ ಜಾಗದಲ್ಲೇ ಇತ್ತು. "ಇಷ್ಟೆಲ್ಲ ಪಥ್ಯ ಮಾಡಿದರೂ ಅಲ್ಲೇ ಉಂಟಾ?" ಎಂದು ಬೆಳೆಗಾರರು ಕೇಳಿದರು. ಮಳೆ ಹಿಡಿಯುವ ಮೊದಲು ಸಿಂಪಡಿಸಿದ, ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಅಡಿಕೆ ಗೊನೆಯನ್ನು ಕಾಯುತ್ತದೆ, ಕೊಳೆತ ಕಾಯಿಯನ್ನು ಸರಿಮಾಡುತ್ತದೆಯೇ ಎಂದೆ. ಅವರು ನಕ್ಕು ಒಪ್ಪಿದರು. ಪಾಲಿಪ್ ತೆಗೆದೆವು, ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಎಲ್ಲರ ವಿಷಯದಲ್ಲಿ ಹೀಗೇ ಆಗುತ್ತದೆಂದು ನಾನು ಭರವಸೆ ಕೊಡಲಾರೆ.

ಅವರು ಬಿಟ್ಟದ್ದೂ ತಪ್ಪಾಗಿಯೇ ಬಿಟ್ಟಿದ್ದರು. ಮೆಣಸಿನ ಖಾರಕ್ಕೆ ಬಾಯಿ ಉರಿಯುವುದಕ್ಕೂ ಕರುಳಿನ ಈ ಉರಿಯೂತಕ್ಕೂ ಸಂಬಂಧವಿಲ್ಲ. ಬಂಗುಡೆ, ಬೂತಾಯಿಗಳು ಒಮೆಗಾ-3 ಇರುವ ಮೀನುಗಳು. ಗಸಿ ಮಾಡಿ ತಿನ್ನಲು ಹೆದರಬೇಕಾಗಿಲ್ಲ. ಕುಚ್ಚಲಕ್ಕಿ, ಬಸಳೆ, ಹರಿವೆ, ಅಲಸಂಡೆ, ಹೆಸರುಕಾಳು ಇರುವ ನಮ್ಮ ಹಳೆಯ ಊಟವನ್ನು ಬಿಟ್ಟು ದುಬಾರಿ ಪುಡಿಗಳ ಡಬ್ಬ ಕೊಳ್ಳುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಕಡಿಮೆ ಮಾಡಬೇಕಾದದ್ದು ಮೈದಾದ ಬೇಕರಿ ತಿಂಡಿ, ಸಿಹಿ ಪಾನೀಯ, ಮದ್ಯ, ಸಾಸೇಜಿನಂಥ ಸಂಸ್ಕರಿತ ಮಾಂಸ. ದಿನಕ್ಕೆ 50 ಗ್ರಾಂ ಸಂಸ್ಕರಿತ ಮಾಂಸ ತಿಂದರೆ ಕರುಳಿನ ಕ್ಯಾನ್ಸರಿನ ಅಪಾಯ ಸುಮಾರು ಶೇಕಡಾ 18ರಷ್ಟು ಹೆಚ್ಚುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲೇ ಹೇಳಿದೆ.

ಪಾಲಿಪ್ ತೆಗೆಸಿಕೊಂಡವರು ಬಯಾಪ್ಸಿ ವರದಿಯನ್ನು ಜೋಪಾನವಾಗಿಟ್ಟು, ಮುಂದಿನ ಕೊಲೊನೋಸ್ಕೋಪಿ ಯಾವಾಗ ಎಂದು ಬರೆಸಿಕೊಂಡೇ ಹೋಗಬೇಕು. ಒಂದು ಸೆಂಟಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಅಡೆನೋಮಾ ಇದ್ದವರಿಗೆ ಸಾಮಾನ್ಯವಾಗಿ ಮೂರು ವರ್ಷಕ್ಕೆ, ಒಂದೆರಡು ಸಣ್ಣವಿದ್ದವರಿಗೆ ಇನ್ನೂ ತಡವಾಗಿ ಹೇಳುತ್ತೇವೆ. ದೊಡ್ಡ ಅಡೆನೋಮಾ ಇದ್ದವರ ಒಡಹುಟ್ಟಿದವರೂ ಮಕ್ಕಳೂ, ತೊಂದರೆ ಏನೂ ಇಲ್ಲದಿದ್ದರೂ, ತಮ್ಮ ತಪಾಸಣೆಯನ್ನು ಯಾವ ವಯಸ್ಸಿಗೆ ಆರಂಭಿಸಬೇಕೆಂದು ವೈದ್ಯರಲ್ಲಿ ಕೇಳಿಕೊಳ್ಳಬೇಕು.